ಮನೆಯಲ್ಲಿ ಬ್ಯಾರಿ, ಸಂತೆಯಲ್ಲಿ ಕನ್ನಡ: ಮರೆವಿನ ಕಾಯಿಲೆಗೆ ಒಂದು ತಡೆ

ಅರವತ್ತಕ್ಕೆ ಅರಳು ಮರಳು ಅಂತ ಹೇಳಿ ನಾವು ಎಷ್ಟೋ ಸಂಗತಿಗಳನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಅಸರ್ ನಮಾಝ್ ಮುಗಿಸಿದ ಉಮ್ಮ ಹತ್ತು ನಿಮಿಷದಲ್ಲಿ ಮತ್ತೆ ಅಸರ್‌ಗೆ ನಿಲ್ಲುತ್ತಾರೆ. ಜೀವನವಿಡೀ ಕಾಫಿ, ಕರಿಮೆಣಸಿನ ವ್ಯಾಪಾರ ಮಾಡಿದ ಹಿರಿಯರು ಚಿಲ್ಲರೆ ಎಣಿಸುವಾಗ ತಡವರಿಸುತ್ತಾರೆ. ಸಕಲೇಶಪುರ, ಆಲೂರು ಕಡೆಯ ನಮ್ಮ ಮನೆಗಳಲ್ಲಿ ಇಂಥದ್ದನ್ನು ಕೇಳಿರದವರು ಕಡಿಮೆ. 'ವಯಸ್ಸಾಯಿತಲ್ಲ' ಎನ್ನುತ್ತೇವೆ, ಮುಗಿಯಿತು.

ಆದರೆ ಇದು ಬರೀ ವಯಸ್ಸಲ್ಲ, ಡಿಮೆನ್ಶಿಯಾ ಎಂಬ ಕಾಯಿಲೆಯೂ ಆಗಿರಬಹುದು. ಅದರಲ್ಲಿ ಹೆಚ್ಚು ಕಾಣಿಸುವುದು ಅಲ್ಝೈಮರ್ಸ್. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ.

ಈ ಕಾಯಿಲೆಯ ಬೆನ್ನು ಹತ್ತಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಒಬ್ಬರು. ಕೇಂಬ್ರಿಡ್ಜ್‌ನ ತಂಡದೊಂದಿಗೆ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅಲ್ಝೈಮರ್ಸ್ ಯಾವಾಗಲೂ ಮರೆವಿನಿಂದಲೇ ಶುರುವಾಗುವುದಿಲ್ಲ, ಕೆಲವರಲ್ಲಿ ಮಾತು ತಡವರಿಸುವುದೇ ಮೊದಲ ಲಕ್ಷಣ ಎಂದು ತೋರಿಸಿತು. ಆದರೆ ನಮಗೆ ಹೆಚ್ಚು ಹತ್ತಿರದ್ದು ಅವರು ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿದ್ದಾಗ ಮಾಡಿದ ಕೆಲಸ.

ಅಲ್ಲಿನ ಕ್ಲಿನಿಕ್‌ಗೆ ಬಂದ 648 ಡಿಮೆನ್ಶಿಯಾ ರೋಗಿಗಳ ದಾಖಲೆಗಳನ್ನು ಅವರ ತಂಡ ಪರಿಶೀಲಿಸಿತು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಆಡುವವರು. ಒಂದೇ ಭಾಷೆಯವರಿಗೆ ಕಾಯಿಲೆ ಸರಾಸರಿ 61ನೇ ವಯಸ್ಸಿನಲ್ಲಿ ಕಾಣಿಸಿಕೊಂಡರೆ, ಇವರಿಗೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. 2013ರಲ್ಲಿ ಇದು ಪ್ರಕಟವಾಯಿತು. ಕೆನಡಾದಲ್ಲೂ ಮೊದಲೇ ಇಂಥ ಫಲಿತಾಂಶ ಬಂದಿತ್ತು. ಆದರೆ ಅಲ್ಲಿ ಎರಡು ಭಾಷೆಯವರಲ್ಲಿ ಬಹಳಷ್ಟು ಮಂದಿ ವಲಸೆ ಬಂದವರು, ಹಾಗಾಗಿ ಕಾರಣ ಭಾಷೆಯೋ ವಲಸೆಯೋ ಎಂಬ ಅನುಮಾನ ಉಳಿದಿತ್ತು. ಹೈದರಾಬಾದಿನವರು ಹುಟ್ಟೂರಲ್ಲೇ ತೆಲುಗು, ಉರ್ದು ಎರಡನ್ನೂ ಆಡುತ್ತಾ ಬೆಳೆದವರು. ಇನ್ನೂ ದೊಡ್ಡ ಮಾತೆಂದರೆ, ಶಾಲೆಯ ಮೆಟ್ಟಿಲೇ ಹತ್ತದವರಲ್ಲೂ ಈ ಲಾಭ ಕಂಡಿತು. ಅಂದರೆ ಅದು ಓದಿನಿಂದ ಬಂದದ್ದಲ್ಲ.

ಯಾಕೆ ಹೀಗೆ? ಎರಡು ಭಾಷೆ ಬಲ್ಲವರ ತಲೆಯಲ್ಲಿ ಎರಡೂ ಒಟ್ಟಿಗೆ ಎಚ್ಚರವಾಗಿರುತ್ತವೆ. ಒಂದನ್ನು ಆಡುವಾಗ ಇನ್ನೊಂದನ್ನು ತಡೆಹಿಡಿಯಬೇಕು. ದಿನವಿಡೀ ನಡೆಯುವ ಈ ಕಸರತ್ತು ಮೆದುಳನ್ನು ಗಟ್ಟಿಗೊಳಿಸುತ್ತದೆ ಎಂಬುದು ಸಂಶೋಧಕರ ವಿವರಣೆ. ಕಾಯಿಲೆ ಬರುವುದೇ ಇಲ್ಲ ಎಂದಲ್ಲ, ತಡವಾಗಿ ತೋರುತ್ತದೆ ಅಷ್ಟೇ. ಬೇರೆ ಕೆಲವು ಅಧ್ಯಯನಗಳಲ್ಲಿ ಇದು ಇಷ್ಟು ಸ್ಪಷ್ಟವಾಗಿ ಕಂಡಿಲ್ಲ ಎನ್ನುವುದನ್ನೂ ಹೇಳಬೇಕು.

ಈಗ ಘಟ್ಟ ಹತ್ತಿ ಬಂದ ನಮ್ಮ ಹಿರಿಯರನ್ನು ನೋಡಿ. ಮನೆಯಲ್ಲಿ ಬ್ಯಾರಿ, ಸಂತೆಯಲ್ಲಿ ಕನ್ನಡ, ಕರಾವಳಿಯವರು ಸಿಕ್ಕರೆ ತುಳು, ಎಸ್ಟೇಟ್ ಲೈನಿನಲ್ಲಿ ತಮಿಳು, ಹಾಸನಕ್ಕೆ ಹೋದರೆ ಉರ್ದು. ಯಾರೂ ಕಲಿಸಿದ್ದಲ್ಲ. ಎರಡಕ್ಕಿಂತ ಹೆಚ್ಚು ಭಾಷೆಯಿಂದ ಹೆಚ್ಚಿನ ಲಾಭ ಹೈದರಾಬಾದಿನಲ್ಲಿ ಕಾಣಲಿಲ್ಲ, ಇರಲಿ ಬಿಡಿ, ಎರಡಾದರೂ ಸಾಕಲ್ಲ! ಆದರೆ ಇಂಗ್ಲಿಷ್ ಮೀಡಿಯಂ ಮಕ್ಕಳ ಜೊತೆ ಮನೆಯಲ್ಲೂ ಬ್ಯಾರಿ ಬಿಡುತ್ತಿರುವ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ ಅಂತ ಯೋಚಿಸಿಲ್ಲ. ಮರೆವು ಬಂದ ಅನೇಕರು ಕೊನೆಗೆ ಬಾಲ್ಯದ ಭಾಷೆಗೇ ಮರಳುತ್ತಾರೆ. ಆಗ ಉಮ್ಮ ಬ್ಯಾರಿಯಲ್ಲಿ ನೀರು ಕೇಳಿದರೆ ಮೊಮ್ಮಗುವಿಗೆ ಅರ್ಥವಾಗಬೇಕಲ್ಲ?

ಇನ್ನೊಂದು ತೊಡಕು ಪರೀಕ್ಷೆಯದ್ದು. ಮರೆವನ್ನು ಅಳೆಯುವುದು ಮಾತಿನಿಂದಲೇ. ಪದ ಹೇಳಿ ನೆನಪಿಟ್ಟುಕೊಳ್ಳಿ ಅನ್ನುತ್ತಾರೆ, ಪ್ರಾಣಿಗಳ ಹೆಸರು ಹೇಳಿ ಅನ್ನುತ್ತಾರೆ. ವಿದೇಶದ ಪರೀಕ್ಷೆ ನಮಗೆ ಹೊಂದುವುದಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿತು. ಆ ಕೆಲಸದಲ್ಲೂ ಡಾ. ಅಲ್ಲಾಡಿ ಇದ್ದರು. ಈ ಐದರಲ್ಲಿ ಬ್ಯಾರಿ ಇಲ್ಲ. ಮನೆಯೊಳಗೇ ಬದುಕಿದ, ಕನ್ನಡ ಅಷ್ಟಕ್ಕಷ್ಟೇ ಬರುವ ಉಮ್ಮನನ್ನು ಕನ್ನಡದಲ್ಲಿ ಕೇಳಿದರೆ ಇಲ್ಲದ ಕಾಯಿಲೆಯೂ ಇದ್ದಂತೆ ಕಾಣಬಹುದು. ನಮ್ಮ ಭಾಷೆಗೊಂದು ಸಾಹಿತ್ಯ ಅಕಾಡೆಮಿ ಇದೆ. ಕವಿಗೋಷ್ಠಿಗಳ ನಡುವೆ ವೈದ್ಯರೊಂದಿಗೆ ಕೂತು ಇಂಥದ್ದೊಂದು ಪರೀಕ್ಷೆಯನ್ನು ಬ್ಯಾರಿಗೆ ತರುವ ಕೆಲಸಕ್ಕೂ ಕೈ ಹಾಕಬಹುದು ಎಂಬುದು ನಮ್ಮ ಅಭಿಪ್ರಾಯ.

ಅಲ್ಲಿಯ ತನಕ ಡಾಕ್ಟರ ಹತ್ತಿರ ಹೋದಾಗ ಮೊದಲೇ ಹೇಳಿ: ಇವರ ಮಾತು ಬ್ಯಾರಿ, ಶಾಲೆ ಇಷ್ಟು, ಮರೆವು ಶುರುವಾಗಿ ಇಷ್ಟು ತಿಂಗಳು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಔಷಧಿ ಇದೆ, ಹಾಗಾಗಿ ರಕ್ತಪರೀಕ್ಷೆ ತಪ್ಪಿಸಬೇಡಿ. ಕಿವಿ ಕೇಳಿಸುತ್ತಿದೆಯೇ ಅಂತಲೂ ನೋಡಿಸಿ. ಪ್ರಶ್ನೆಯನ್ನು ಬ್ಯಾರಿಗೆ ತಿರುಗಿಸಿ ಹೇಳುವ ಮಗನೋ ಮಗಳೋ ಉತ್ತರವನ್ನು ಮಾತ್ರ ತಾವೇ ಹೇಳಿಬಿಡಬಾರದು. ಉಮ್ಮ ಯೋಚಿಸುತ್ತಿದ್ದರೆ ಸುಮ್ಮನೆ ಕಾಯಿರಿ.