ಕಬ್ಬನ್ ಪ್ರತಿಮೆ: ಸ್ಥಳ ಬದಲಾಯಿತು, ಪ್ರಶ್ನೆ ಉಳಿಯಿತು

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಕುದುರೆಯೇರಿ ನಿಂತಿರುವ ಮಾರ್ಕ್ ಕಬ್ಬನ್ ಪ್ರತಿಮೆಗೆ ಇದು ಮೂರನೆಯ ನೆಲೆ. ಶಿಲ್ಪಿ ಕಾರ್ಲೊ ಮರೋಚೆಟ್ಟಿ ರೂಪಿಸಿದ ಈ ಪ್ರತಿಮೆಯನ್ನು 1866ರಲ್ಲಿ ಮೊದಲು ಸ್ಥಾಪಿಸಿದ್ದು ದಂಡು ಪ್ರದೇಶದ ಪರೇಡ್ ಮೈದಾನದಲ್ಲಿ. ಅನಂತರ ಅದು ಹೈಕೋರ್ಟ್ ಇರುವ ಅಠಾರಾ ಕಚೇರಿಯ ಮುಂದೆ ದೀರ್ಘಕಾಲ ನಿಂತಿತ್ತು. 2020ರ ಜೂನ್‌ನಲ್ಲಿ ಅಲ್ಲಿಂದ ಉದ್ಯಾನದೊಳಕ್ಕೆ ಸ್ಥಳಾಂತರಗೊಂಡಿತು. ಪರಕೀಯ ಆಡಳಿತಗಾರರ ಪ್ರತಿಮೆಗಳು ಸಾರ್ವಜನಿಕ ಸ್ಥಳಗಳಲ್ಲಿ ಇರಬೇಕೆ ಎಂಬ ಚರ್ಚೆ ಜಗತ್ತಿನಾದ್ಯಂತ ಕಾವೇರಿದ್ದ ದಿನಗಳವು.

ಕಬ್ಬನ್‌ಗೆ ಗವರ್ನರ್ ಎಂಬ ಪದವಿ ಇರಲಿಲ್ಲ. 1834ರಿಂದ 1861ರವರೆಗೆ ಆತ ಮೈಸೂರಿನ ಕಮಿಷನರ್. ಆದರೆ ಅಧಿಕಾರದ ವ್ಯಾಪ್ತಿಯಲ್ಲಿ ಆತ ಯಾವ ಗವರ್ನರನಿಗೂ ಕಡಿಮೆಯಿರಲಿಲ್ಲ. ನಗರ ದಂಗೆಯನ್ನು ಮುಂದೊಡ್ಡಿ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಆಡಳಿತವನ್ನು ವಶಪಡಿಸಿಕೊಂಡಿದ್ದರು. ಆ ದಂಗೆಯ ವಿಚಾರಣಾ ಸಮಿತಿಯಲ್ಲಿ ಸದಸ್ಯನಾಗಿದ್ದ ಕಬ್ಬನ್, ಮುಂದೆ ಅದೇ ಸಂಸ್ಥಾನವನ್ನು 27 ವರ್ಷ ಆಳಿದ.

ಆ ಅವಧಿಯಲ್ಲಿ ರಸ್ತೆ, ಸೇತುವೆಗಳು ನಿರ್ಮಾಣಗೊಂಡವು. ಕಾಫಿ ತೋಟಗಳು ವಿಸ್ತರಿಸಿದವು. ಆಡಳಿತದ ಕೇಂದ್ರವಾಗಿ ಬೆಂಗಳೂರು ಬೆಳೆಯಿತು. ಇದು ಚರಿತ್ರೆಯ ಒಂದು ಮುಖ. ಇನ್ನೊಂದು ಮುಖ ಮೈಸೂರಿನ ಅರಮನೆಯಲ್ಲಿದೆ. ರಾಜ್ಯವನ್ನು ಮರಳಿ ಪಡೆಯಲು ಮನವಿಗಳನ್ನು ಸಲ್ಲಿಸುತ್ತಲೇ ಇದ್ದ ಮುಮ್ಮಡಿಯವರು ಆ ಆಸೆ ಈಡೇರದೆ 1868ರಲ್ಲಿ ತೀರಿಕೊಂಡರು. ಸಂಸ್ಥಾನ ಒಡೆಯರ್ ಮನೆತನಕ್ಕೆ ಮರಳಿದ್ದು 1881ರಲ್ಲಿ.

ಸ್ವಾರಸ್ಯದ ಸಂಗತಿಯೆಂದರೆ, ತನ್ನ ಹೆಸರಿನ ಉದ್ಯಾನವನ್ನು ಕಬ್ಬನ್ ಕಾಣಲೇ ಇಲ್ಲ. ತಾಯ್ನಾಡಿಗೆ ಮರಳುವ ಹಾದಿಯಲ್ಲಿ, 1861ರಲ್ಲಿ, ಆತ ಸೂಯೆಜ್‌ನಲ್ಲಿ ನಿಧನನಾದ. ರಿಚರ್ಡ್ ಸ್ಯಾಂಕಿ ಈ ಉದ್ಯಾನವನ್ನು ರೂಪಿಸಿದ್ದು 1870ರಲ್ಲಿ. 1927ರಲ್ಲಿ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಅಧಿಕೃತವಾಗಿ ನಾಮಕರಣ ಮಾಡಲಾಯಿತು. ಆದರೂ ಜನರ ಬಾಯಲ್ಲಿ ಉಳಿದದ್ದು ಹಳೆಯ ಹೆಸರೇ. ಹೆಸರು ಬದಲಿಸಿದ ಮಾತ್ರಕ್ಕೆ ಜನರ ನೆನಪು ಬದಲಾಗದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಪ್ರತಿಮೆಯ ವಿಷಯವೂ ಹೀಗೆಯೇ. ಅದನ್ನು ಕೆಡವಿದರೆ 27 ವರ್ಷಗಳ ಪರಾಧೀನತೆ ಅಳಿಸಿಹೋಗುವುದಿಲ್ಲ. ಹಾಗೆಯೇ ಉಳಿಸಿದರೆ ಆ ಪರಾಧೀನತೆಗೆ ಗೌರವ ಸಲ್ಲಿಸಿದಂತೆ ಕಾಣುವ ಅಪಾಯವಿದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ: ಪ್ರತಿಮೆಯನ್ನು ಪಾಠವಾಗಿಸುವುದು. ಬರಿಯ ಹೆಸರು, ಇಸವಿಗಳಿಂದ ದಂಗೆಯೆದ್ದ ರೈತರ ಸಂಕಟವಾಗಲಿ, ಅಧಿಕಾರ ಕಳೆದುಕೊಂಡ ಅರಸರ ಅಳಲಾಗಲಿ ನೋಡುಗರಿಗೆ ತಿಳಿಯದು. ರಸ್ತೆಗಳ ಲೆಕ್ಕದ ಜೊತೆಗೆ ಆ ಕಥೆಯನ್ನೂ ನಾಲ್ಕು ಸಾಲು ಕನ್ನಡದಲ್ಲಿ ಹೇಳಿದರೆ, ಅದೇ ಉದ್ಯಾನದಲ್ಲಿರುವ ರಾಣಿ ವಿಕ್ಟೋರಿಯಾ ಹಾಗೂ ಚಾಮರಾಜೇಂದ್ರ ಒಡೆಯರ್ ಅವರ ಪ್ರತಿಮೆಗಳ ಅರ್ಥವೂ ತಿಳಿಯಾಗುತ್ತದೆ. ಆಳಿದವರು ಯಾರು, ಆಳಿಸಿಕೊಂಡವರು ಯಾರು ಎಂಬುದನ್ನು ನಾಗರಿಕರು ಅಲ್ಲಿಯೇ ನಿಂತು ಅರಿಯಬಹುದು.