ದೂರದ ಪೌಂಡ್, ಹತ್ತಿರದ ನೆಂಟರು: ನೈಜೀರಿಯಾ ವಲಸಿಗರ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

ಊರು ಬಿಟ್ಟು ಹೊರದೇಶಕ್ಕೆ ಹಾರುವುದಕ್ಕೆ ನೈಜೀರಿಯಾದ ಯುವಜನ ಇಟ್ಟುಕೊಂಡಿರುವ ಹೆಸರು ಜಪಾ. ಲಾಗೋಸ್, ಅಬುಜಾ, ಎನುಗು ನಗರಗಳಲ್ಲಿ ಅದು ಈಗ ಮನೆಮಾತು. ವೈದ್ಯರು, ನರ್ಸ್‌ಗಳು, ಬ್ಯಾಂಕ್ ನೌಕರರು, ಆಗಷ್ಟೇ ಪದವಿ ಮುಗಿಸಿದವರು ಲಂಡನ್, ಹ್ಯೂಸ್ಟನ್, ಟೊರಾಂಟೊಗಳ ದಾರಿ ಹಿಡಿದಿದ್ದಾರೆ. 2021ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲೇ ನೈಜೀರಿಯಾದಲ್ಲಿ ಹುಟ್ಟಿದವರು ಸುಮಾರು 2.7 ಲಕ್ಷ ಮಂದಿ ಇದ್ದರು. ಹೋದವರ ಬಗ್ಗೆ ಊರಿನವರದು ಒಂದು ಕಥೆ, ಸೇರಿದ ದೇಶದವರದು ಇನ್ನೊಂದು, ದೂರದಿಂದ ನೋಡುವ ನಮ್ಮದು ಮತ್ತೊಂದು. ಈ ಕಥೆಗಳಲ್ಲಿ ಕೆಲವನ್ನು ನಾವೂ ಪ್ರಶ್ನಿಸದೆ ನಂಬಿಕೊಂಡು ಬಂದಿದ್ದೇವೆ. ಒಂದೊಂದಾಗಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ: ವಿಮಾನ ಹತ್ತಿದವನ ಕಷ್ಟ ಅಲ್ಲಿಗೆ ಮುಗಿಯಿತು. ಪೌಂಡಿನಲ್ಲಿ ಸಂಬಳ ಎಣಿಸುವವನಿಗೆ ತಿಂಗಳಿಗೆ ನೂರು ಪೌಂಡ್ ಊರಿಗೆ ಕಳಿಸುವುದು ಲೆಕ್ಕಕ್ಕೇ ಬರುವುದಿಲ್ಲ.

ವಾಸ್ತವ: ದುಡಿಮೆ ಪೌಂಡಿನಲ್ಲಿದ್ದರೆ ಖರ್ಚೂ ಪೌಂಡಿನಲ್ಲೇ. 2024ರಲ್ಲಿ ಬ್ರಿಟನ್ನಿಗೆ ಹೋದ ಒಬ್ಬ ವಿದ್ಯಾರ್ಥಿಯ ಲೆಕ್ಕ ಹಾಕಿ ನೋಡೋಣ. ತರಗತಿ ನಡೆಯುವ ತಿಂಗಳುಗಳಲ್ಲಿ ಅವನು ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ವರ್ಷದ ಏಪ್ರಿಲ್‌ನಿಂದ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್. ಒಂದು ಗಂಟೆಯನ್ನೂ ತಪ್ಪಿಸದೆ ದುಡಿದರೂ ತಿಂಗಳ ಗಳಿಕೆ ಸಾವಿರ ಪೌಂಡ್ ಮುಟ್ಟುವುದಿಲ್ಲ. ಅದೇ ವರ್ಷ ವೀಸಾ ನಿಯಮಗಳಲ್ಲಿ ಬ್ರಿಟಿಷ್ ಸರ್ಕಾರವೇ ಬದುಕಿನ ಖರ್ಚನ್ನು ಲಂಡನ್ನಿನ ಹೊರಗೆ ತಿಂಗಳಿಗೆ 1,023 ಪೌಂಡ್, ಲಂಡನ್ನಿನಲ್ಲಿ 1,334 ಪೌಂಡ್ ಎಂದು ಹಿಡಿದಿತ್ತು. ಕಾನೂನು ಬಿಟ್ಟಷ್ಟೂ ದುಡಿದವನು ಸರ್ಕಾರವೇ ಹೇಳಿದ ಖರ್ಚನ್ನು ಮುಟ್ಟಲಾರ. ಇದರ ಮೇಲೆ ಕಾಲೇಜು ಶುಲ್ಕ, ವೀಸಾ ಜೊತೆಗೇ ಮುಂಗಡವಾಗಿ ಕಟ್ಟಬೇಕಾದ ಆರೋಗ್ಯ ಸುಂಕ. ಈ ಸುಂಕವೇ ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. ಕೆಲಸ ತಪ್ಪಿದರೆ, ಮನೆ ತಪ್ಪಿದರೆ ಸರ್ಕಾರದ ನೆರವು ಕೇಳುವ ಹಕ್ಕೂ ತಾತ್ಕಾಲಿಕ ವೀಸಾದವರಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಆದರೆ ಲಾಗೋಸ್‌ನಲ್ಲಿ ಕೂತು ಕೇಳುವವರ ಲೆಕ್ಕವೂ ಸುಳ್ಳಲ್ಲ. 2023ರ ಜೂನ್‌ನಲ್ಲಿ ಅಲ್ಲಿನ ಕರೆನ್ಸಿ ನೈರಾದ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ, ಡಾಲರಿಗೆ 460ರ ಆಸುಪಾಸಿನಲ್ಲಿದ್ದ ದರ 2024ರಲ್ಲಿ 1,500 ದಾಟಿತು. 2024ರ ಜುಲೈನಲ್ಲಿ ನಿಗದಿಯಾದ ಕನಿಷ್ಠ ವೇತನ ತಿಂಗಳಿಗೆ 70,000 ನೈರಾ. ಆಗಿನ ದರದಲ್ಲಿ ನೂರು ಪೌಂಡ್ ಅದರ ಎರಡು ಪಟ್ಟನ್ನೂ ಮೀರುತ್ತಿತ್ತು. ಅಷ್ಟು ದೊಡ್ಡ ಮೊತ್ತ ಮಗನಿಗೆ ಚಿಲ್ಲರೆ ಎಂದು ತಾಯಿ ನಂಬಿದರೆ ತಪ್ಪು ಅವಳದಲ್ಲ. ಅವಳಿಗೆ ಕಾಣುವುದು ವಿನಿಮಯ ದರ, ಕಾಣದಿರುವುದು ಬಾಡಿಗೆ. ಅದೇ ಕುಸಿತ ಇನ್ನೊಂದು ತುದಿಯನ್ನೂ ಹಿಂಡಿತು. ನೈರಾ ಉಳಿತಾಯ ನಂಬಿ ಶುಲ್ಕದ ಕಂತು ಕಟ್ಟುತ್ತಿದ್ದವರು ಕೈಚೆಲ್ಲಿ ಕೂತರು. ಇಂಗ್ಲೆಂಡಿನ ಟೀಸೈಡ್ ವಿಶ್ವವಿದ್ಯಾಲಯದಲ್ಲಿ ಕಂತು ತಪ್ಪಿದ ನೈಜೀರಿಯಾದ ಕೆಲವು ವಿದ್ಯಾರ್ಥಿಗಳನ್ನು ಕೋರ್ಸಿನಿಂದ ಕೈಬಿಟ್ಟು, ದೇಶ ಬಿಡಲು ಹೇಳಿದ ಸಂಗತಿ 2024ರ ಮೇನಲ್ಲಿ ಬೆಳಕಿಗೆ ಬಂತು.

ತಪ್ಪು ಕಲ್ಪನೆ: ಊರಿನ ನೆಂಟರಿಗೆ ದುರಾಸೆ. ದುಡಿಯುವ ಮನಸ್ಸಿಲ್ಲದೆ ಹೊರದೇಶಕ್ಕೆ ಹೋದವರನ್ನು ಹಿಂಡುತ್ತಾರೆ.

ವಾಸ್ತವ: ಅಂಥವರು ಇಲ್ಲವೆಂದಲ್ಲ. ಆದರೆ ಬಹಳಷ್ಟು ಮನೆಗಳಲ್ಲಿ ಹೊರಟವನು ತನ್ನ ಸ್ವಂತ ದುಡ್ಡಿನಲ್ಲಿ ಹೊರಟಿರುವುದಿಲ್ಲ. ಅಪ್ಪ ತುಂಡು ಜಮೀನು ಮಾರಿರುತ್ತಾನೆ, ಚಿಕ್ಕಪ್ಪ ಸಾಲಕ್ಕೆ ಜಾಮೀನು ನಿಂತಿರುತ್ತಾನೆ, ಅಕ್ಕ ಎಸುಸು ಎತ್ತಿರುತ್ತಾಳೆ. ಎಸುಸು ಅಂದರೆ ನಮ್ಮ ಚೀಟಿಯ ಹಾಗೆ, ಹತ್ತು ಜನ ಕಟ್ಟಿ ಸರದಿಯ ಮೇಲೆ ಒಬ್ಬೊಬ್ಬರು ಎತ್ತುವ ಹಣ. ಅಷ್ಟು ಜನರ ಹಣದಲ್ಲಿ ಹೋದವನ ಮೊದಲ ಸಂಬಳದ ಮೇಲೆ ಅಷ್ಟು ಜನರ ಕಣ್ಣಿರುವುದು ಸಹಜ.

ಇನ್ನೊಂದು ಕಾರಣ ಊರಿನ ಆಸ್ಪತ್ರೆಯ ಕೌಂಟರಿನಲ್ಲಿದೆ. 2018ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 97 ಮಂದಿಗೆ ಯಾವ ಆರೋಗ್ಯ ವಿಮೆಯೂ ಇರಲಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಹಣ ಕಟ್ಟು ಎಂದಾಗ ಮನೆಯವರು ಫೋನ್ ಮಾಡುವುದು ಹೊರದೇಶದ ನಂಬರಿಗೆ. ಹೀಗೆ ವಿಶ್ವಬ್ಯಾಂಕಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 2,000 ಕೋಟಿ ಡಾಲರ್ ನೈಜೀರಿಯಾಕ್ಕೆ ಬರುತ್ತದೆ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಬೇರಾವ ದೇಶಕ್ಕೂ ಇಷ್ಟು ಬರುವುದಿಲ್ಲ. ಸರ್ಕಾರ ಹೊರಬೇಕಾದ ಭಾರವನ್ನು ಹಿರಿಯ ಮಗಳು ಹೊತ್ತಿದ್ದಾಳೆ. ಸಿಟ್ಟು ಬರಬೇಕಾದದ್ದು ಇದರ ಮೇಲೆ. ಅವಳ ತಮ್ಮ ಕೇಳಿದ ಶಾಲಾ ಶುಲ್ಕದ ಮೇಲಲ್ಲ.

ತಪ್ಪು ಕಲ್ಪನೆ: ವರ್ಷಕ್ಕೆ ಹತ್ತು ದಿನವೂ ಇರದ ಹಳ್ಳಿಯಲ್ಲಿ ದೊಡ್ಡ ಮನೆ ಕಟ್ಟಿಸುವುದು ಬರಿಯ ಆಡಂಬರ.

ವಾಸ್ತವ: ಇದು ಹೆಚ್ಚಾಗಿ ಆಗ್ನೇಯ ನೈಜೀರಿಯಾದ ಇಗ್ಬೊ ಜನರ ಬಗ್ಗೆ ಕೇಳಿಬರುವ ಮಾತು. ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಬಿಯಾಫ್ರಾ ಎಂಬ ಪ್ರತ್ಯೇಕ ದೇಶಕ್ಕಾಗಿ 1967ರಿಂದ 1970ರವರೆಗೆ ನಡೆದ ಯುದ್ಧದಲ್ಲಿ ಸೋತ ಮೇಲೆ, ಬ್ಯಾಂಕಿನಲ್ಲಿ ಎಷ್ಟೇ ಹಣವಿದ್ದ ಇಗ್ಬೊ ಖಾತೆದಾರನಿಗೂ ಕೈಗೆ ಬಂದದ್ದು 20 ನೈಜೀರಿಯನ್ ಪೌಂಡ್. ಪೋರ್ಟ್ ಹಾರ್ಕೋರ್ಟ್‌ನಲ್ಲಿ ಅವರು ಬಿಟ್ಟು ಓಡಿದ ಮನೆಗಳು ವಾರಸುದಾರರಿಲ್ಲದ ಆಸ್ತಿ ಎನಿಸಿಕೊಂಡು ಬೇರೆಯವರ ಪಾಲಾದವು. ಬೇರೆ ಊರಿನ ಆಸ್ತಿ ಕೈತಪ್ಪಬಹುದು, ಪಿತೃಗಳ ನೆಲ ತಪ್ಪದು ಎಂಬ ಪಾಠವನ್ನು ಒಂದು ಇಡೀ ತಲೆಮಾರು ಕಲಿತದ್ದು ಹೀಗೆ. ಸತ್ತವರನ್ನು ಹುಟ್ಟೂರಿನ ಅಂಗಳದಲ್ಲೇ ಮಣ್ಣು ಮಾಡುವ ಪದ್ಧತಿಯೂ ಇದೆ. ಅಲ್ಲಿ ಮನೆಯಿಲ್ಲದೆ ಸತ್ತವನ ಮಕ್ಕಳು ಉಮುನ್ನ, ಅಂದರೆ ಕುಲದ ದಾಯಾದಿಗಳ ಎದುರು ತಲೆತಗ್ಗಿಸಬೇಕಾಗುತ್ತದೆ. ಲಂಡನ್ನಿನಲ್ಲಿ ಒಂದೇ ಕೋಣೆಯಲ್ಲಿ ನಾಲ್ವರು ಇದ್ದುಕೊಂಡು ಊರಿನಲ್ಲಿ ಆರು ಕೋಣೆ ಕಟ್ಟಿಸುವುದು ಮಕ್ಕಳಿಗೆ ಅನ್ಯಾಯ ಎನ್ನುವವರು ಆ ಜನರಲ್ಲೇ ಇದ್ದಾರೆ. ಅವರ ಮಾತಿನಲ್ಲೂ ನ್ಯಾಯವಿದೆ. ಆದರೆ ಇದನ್ನು ಬರಿಯ ಆಡಂಬರ ಎಂದು ತಳ್ಳಿಹಾಕುವವರಿಗೆ ಆ 20 ಪೌಂಡಿನ ಕಥೆ ಗೊತ್ತಿಲ್ಲ.

ತಪ್ಪು ಕಲ್ಪನೆ: ಹೊರದೇಶಕ್ಕೆ ಹೋದ ಹೆಂಗಸಿಗೆ ಸೊಕ್ಕು ಬರುತ್ತದೆ. ಅಲ್ಲಿನ ಕಾನೂನಿನ ಬಲದಿಂದ, ಅದರಲ್ಲೂ ನರ್ಸ್ ಆದರೆ, ಸಂಸಾರ ಮುರಿಯುತ್ತಾಳೆ.

ವಾಸ್ತವ: ಬ್ರಿಟನ್ನಿನ ನರ್ಸ್‌ಗಳ ನೋಂದಣಿಯಲ್ಲಿ ಹೊರದೇಶದವರ ಪೈಕಿ ಭಾರತ, ಫಿಲಿಪ್ಪೀನ್ಸ್ ಆದ ಮೇಲೆ ನೈಜೀರಿಯಾದವರೇ ಹೆಚ್ಚು. ಹಾಗಾಗಿ ಎಷ್ಟೋ ಮನೆಗಳಲ್ಲಿ ವೀಸಾ ಸಿಕ್ಕಿದ್ದು ಹೆಂಡತಿಗೆ. ಊರಿನಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದ ಗಂಡ ಅವಳ ಅವಲಂಬಿತನಾಗಿ ಬಂದು ಗೋದಾಮಿನಲ್ಲಿ ರಾತ್ರಿಪಾಳಿ ಮಾಡುತ್ತಾನೆ. ಊರಿನಲ್ಲಿ ಅಡುಗೆಗೆ, ಮಗುವಿಗೆ ಸಹಾಯಕ್ಕಿದ್ದ ಕೈಗಳು ಬ್ರಿಟನ್ನಿನಲ್ಲಿ ಇಲ್ಲ. ಬಾಣಂತನಕ್ಕೆ ತಾಯಿ ಬಂದು ತಿಂಗಳುಗಟ್ಟಲೆ ನಿಲ್ಲುವ ಇಗ್ಬೊ ಸಂಪ್ರದಾಯ ಒಮುಗ್ವೊ ಕೂಡ ಈಗ ಸಂದರ್ಶಕ ವೀಸಾದ ಕೃಪೆಯಲ್ಲಿದೆ. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದವಳು ಒಲೆಯ ಮುಂದೆಯೂ ತಾನೇ ನಿಲ್ಲಬೇಕೆ ಎಂದು ಕೇಳಿದರೆ ಅದು ಸೊಕ್ಕಲ್ಲ. ಗಂಡನ ನೋವೂ ಸುಳ್ಳಲ್ಲ. ಅವನ ವಿದ್ಯೆಗೆ, ಅನುಭವಕ್ಕೆ ಅಲ್ಲಿ ಬೆಲೆ ಸಿಗಲಿಲ್ಲ, ಅದನ್ನು ಹೇಳಿಕೊಳ್ಳಲು ಗೆಳೆಯರೂ ಇಲ್ಲ. ಕೆಲವು ಸಂಸಾರಗಳನ್ನಂತೂ ನಿಯಮವೇ ಬೇರೆ ಮಾಡಿದೆ. 2024ರ ಜನವರಿಯಿಂದ ಸಂಶೋಧನೆ ಬಿಟ್ಟು ಉಳಿದ ಕೋರ್ಸುಗಳ ಹೆಚ್ಚಿನ ಹೊಸ ವಿದ್ಯಾರ್ಥಿಗಳು, ಮಾರ್ಚ್‌ನಿಂದ ಹೊಸ ಆರೈಕೆ ಕೆಲಸಗಾರರು ಬ್ರಿಟನ್ನಿಗೆ ಕುಟುಂಬವನ್ನು ಕರೆತರುವಂತಿಲ್ಲ ಎಂದಾಯಿತು.

ನೈಜೀರಿಯಾದ ಲೇಖಕಿ ಬುಚಿ ಎಮೆಚೆಟಾ ಅರವತ್ತರ ದಶಕದಲ್ಲೇ ಇಂಥ ಸಂಕಟ ಉಂಡವರು. ಲಂಡನ್ನಿನಲ್ಲಿ ಸಂಸಾರದ ಹೊಟ್ಟೆ ಹೊರೆಯುತ್ತಲೇ ಅವರು ಬರೆದ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಗಂಡ ಸುಟ್ಟುಹಾಕಿದ. ಮಕ್ಕಳೊಂದಿಗೆ ಮನೆ ಬಿಟ್ಟ ಅವರು ಅದನ್ನು ಮತ್ತೆ ಬರೆದರು.

ತಪ್ಪು ಕಲ್ಪನೆ: ಮಗುವಿನ ಮೇಲೆ ಕೈ ಎತ್ತಿದರೆ ಸಾಕು, ಅಲ್ಲಿನ ಸರ್ಕಾರ ಮಗುವನ್ನೇ ಕಿತ್ತುಕೊಳ್ಳುತ್ತದೆ. ಮನೆಯಲ್ಲಿ ಯೊರುಬಾ, ಇಗ್ಬೊ ಮಾತಾಡಿದರೆ ಮಕ್ಕಳ ಇಂಗ್ಲಿಷ್ ಕೆಡುತ್ತದೆ.

ವಾಸ್ತವ: ಮಗುವಿಗೆ ಹೊಡೆಯುವುದನ್ನು ಸ್ಕಾಟ್ಲೆಂಡ್ 2020ರಲ್ಲಿ, ವೇಲ್ಸ್ 2022ರಲ್ಲಿ ಪೂರ್ತಿ ನಿಷೇಧಿಸಿದವು, ನಿಜ. ಆದರೆ ಮಗುವನ್ನು ಮನೆಯಿಂದ ದೀರ್ಘಕಾಲ ಬೇರೆ ಮಾಡಬೇಕಾದರೆ ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕು, ಗಂಭೀರ ಹಾನಿಯ ಆಧಾರ ಬೇಕು. ಈ ಭಯದಿಂದ ಹದಿಹರೆಯದ ಮಗನನ್ನು ಶಿಸ್ತು ಕಲಿಯಲಿ ಎಂದು ನೈಜೀರಿಯಾದ ವಸತಿ ಶಾಲೆಗೆ ಅಟ್ಟುವವರಿದ್ದಾರೆ. ಅವನಿಗೆ ಅದು ಊರಲ್ಲ, ಪರದೇಶ. ಭಾಷೆಯ ಮಾತಂತೂ ನಮಗೆ ಚೆನ್ನಾಗಿ ಗೊತ್ತು. ಕನ್ನಡದ ಮನೆಗಳಲ್ಲೂ ಇದೇ ಭಯ ಕೆಲಸ ಮಾಡುತ್ತಿದೆ. ಎರಡು ಭಾಷೆಗಳಲ್ಲಿ ಬೆಳೆಯುವುದರಿಂದ ಮಾತು ಹಿಂದೆ ಬೀಳುವುದಿಲ್ಲ ಎಂಬುದನ್ನು ಮಕ್ಕಳ ಭಾಷಾ ತಜ್ಞರು ಮತ್ತೆ ಮತ್ತೆ ತೋರಿಸಿದ್ದಾರೆ. ಮನೆಮಾತು ಬಿಟ್ಟರೆ ಕಡಿದುಹೋಗುವುದು ಅಜ್ಜಿ ಮೊಮ್ಮಗಳ ಮಾತುಕತೆ.

ತಪ್ಪು ಕಲ್ಪನೆ: ವೀಸಾ ತಿರಸ್ಕಾರವಾದರೆ, ಕೆಲಸ ಹೋದರೆ, ಊರಿನಲ್ಲಿ ಯಾರೋ ಮಾಟ ಮಾಡಿಸಿದ್ದಾರೆ. ದೈವದ ಮುಂದೆ ಮಾಡಿದ ಆಣೆ ಮುರಿದವರು ಹುಚ್ಚು ಹಿಡಿದು ಸಾಯುತ್ತಾರೆ.

ವಾಸ್ತವ: ಇದನ್ನು ನಕ್ಕು ಬದಿಗೆ ಸರಿಸುವಂತಿಲ್ಲ. ಈ ನಂಬಿಕೆಯಿಂದ ಜನ ಟಿಕೆಟ್ ಕೈಗೆ ಬಂದರೂ ಒಡಹುಟ್ಟಿದವರಿಗೆ ಹೇಳುವುದಿಲ್ಲ, ವಿಮಾನ ಇಳಿದ ಮೇಲೆ ಫೋನ್ ಮಾಡುತ್ತಾರೆ. ವೀಸಾ ತಿರಸ್ಕಾರಕ್ಕೆ ಇರುವ ಕಾರಣಗಳು ಒಣ ಕಾರಣಗಳು. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ನಿಗದಿತ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು, ಒಂದು ದಿನ ಕಡಿಮೆಯಾದರೂ ಅರ್ಜಿ ಬೀಳಬಹುದು. ಅಮೆರಿಕದ ಸಂದರ್ಶಕ ವೀಸಾದಲ್ಲಿ ಅರ್ಜಿದಾರ ಅಲ್ಲೇ ನೆಲೆಸಲು ಬರುತ್ತಿದ್ದಾನೆ ಎಂದೇ ಕಾನೂನು ಊಹಿಸುತ್ತದೆ. ಹಾಗಲ್ಲ ಎಂದು ಸಾಧಿಸುವ ಹೊಣೆ ಅವನದು. ಇಲ್ಲಿ ಮಾಟಕ್ಕೆ ಕೆಲಸವೇ ಇಲ್ಲ. ಗುಟ್ಟು ಕಾಪಾಡುವುದಕ್ಕೆ ಮಾತ್ರ ಬೇರೊಂದು ಒಳ್ಳೆಯ ಕಾರಣವಿದೆ: ಹೊರಡುವ ಸುದ್ದಿ ಹಬ್ಬಿದ ದಿನವೇ ಬೇಡಿಕೆಗಳ ಪಟ್ಟಿಯೂ ಬರುತ್ತದೆ.

ಆಣೆಯ ವಿಷಯ ಇದಕ್ಕಿಂತ ಕ್ರೂರ. ನೈಜೀರಿಯಾದ ಎಡೋ ರಾಜ್ಯದ ಬೆನಿನ್ ಸಿಟಿಯ ಸುತ್ತಮುತ್ತಲಿಂದ ಯುವತಿಯರನ್ನು ಕೆಲಸದ ಆಸೆ ತೋರಿಸಿ ಇಟಲಿಗೆ ಸಾಗಿಸುವ ಜಾಲ ದಶಕಗಳಿಂದ ಇದೆ. ಹೊರಡುವ ಮೊದಲು ದೈವದ ಗುಡಿಯಲ್ಲಿ ಯುವತಿಯ ಕೂದಲು, ಉಗುರು ತೆಗೆದಿಟ್ಟುಕೊಂಡು ಆಣೆ ಮಾಡಿಸುತ್ತಾರೆ: ಸಾಲ ತೀರಿಸುತ್ತೇನೆ, ಪೊಲೀಸರಿಗೆ ಹೇಳುವುದಿಲ್ಲ. ಇಟಲಿ ತಲುಪಿದ ಮೇಲೆ ಆ ಸಾಲ ಹತ್ತಾರು ಸಾವಿರ ಯೂರೊ ಎಂದು, ತೀರಿಸುವ ದಾರಿ ವೇಶ್ಯಾವೃತ್ತಿ ಎಂದು ತಿಳಿಯುತ್ತದೆ. 2016ರಲ್ಲಿ ಸಮುದ್ರ ದಾಟಿ ಇಟಲಿ ಸೇರಿದ ನೈಜೀರಿಯಾದ ಹೆಂಗಸರು ಸುಮಾರು 11 ಸಾವಿರ. ಹಾಗೆ ಬಂದವರಲ್ಲಿ ನೂರಕ್ಕೆ 80 ಮಂದಿ ಮಾನವ ಸಾಗಣೆಗೆ ಸಿಕ್ಕವರಿರಬಹುದೆಂದು ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಅಂದಾಜಿಸಿತು. ಹಣ ನಿಂತರೆ ದಲ್ಲಾಳಿಯ ಕಡೆಯವರು ಊರಿನಲ್ಲಿ ತಾಯಿಯ ಬಾಗಿಲು ಬಡಿಯುತ್ತಾರೆ. ತಾಯಿ ಮಗಳಿಗೆ ಆಣೆಯನ್ನು ನೆನಪಿಸುತ್ತಾಳೆ.

ಮಗಳಿಗೆ ನಿದ್ದೆ ಬರುವುದಿಲ್ಲ, ಮೈ ನಡುಗುತ್ತದೆ. ಅದು ನಿಜವಾದ ಕಾಯಿಲೆಯೇ. ಆದರೆ ಅದನ್ನು ತಂದದ್ದು ಭಯ, ಬೆದರಿಕೆ, ಹಿಂಸೆ. ಇದಕ್ಕೆ ಬಲವಾದ ಉತ್ತರ ಬಂದದ್ದು ಆ ಸಂಪ್ರದಾಯದ ಒಳಗಿನಿಂದಲೇ. 2018ರ ಮಾರ್ಚ್ 9ರಂದು ಬೆನಿನ್ನಿನ ರಾಜ ಒಬಾ ಎರಡನೇ ಎವುವಾರೆ ಅರಮನೆಯಲ್ಲಿ ದೈವದ ಅರ್ಚಕರನ್ನು ಸೇರಿಸಿ, ಅಂಥ ಎಲ್ಲ ಆಣೆಗಳೂ ರದ್ದು ಎಂದು ಸಾರಿದರು. ಶಾಪವನ್ನು ಆಣೆ ಮಾಡಿಸಿದವರ ಮೇಲೇ ತಿರುಗಿಸಿದರು. ಜಾಲ ಪೂರ್ತಿ ಅಳಿಯಲಿಲ್ಲ, ಆಣೆ ಮಾಡಿಸುವ ಜಾಗಗಳು ಒಬಾನ ಮಾತು ನಡೆಯುವ ಸೀಮೆಯ ಆಚೆಗೆ ಸರಿದವು. ಆದರೆ ದೈವಕ್ಕೆ ಹೆದರಿ ಬಾಯಿ ಮುಚ್ಚಿದ್ದವರಿಗೆ, ದೈವದ ಹೆಸರಿನಲ್ಲೇ ಬಾಯಿ ಬಿಡಲು ಒಂದು ದಾರಿ ತೆರೆಯಿತು.

ತಪ್ಪು ಕಲ್ಪನೆ: ಭಾರತದಲ್ಲಿರುವ ನೈಜೀರಿಯಾದವರೆಲ್ಲ ಮಾದಕವಸ್ತು ಮಾರುವವರು, ಆಫ್ರಿಕಾದವರೆಲ್ಲ ಒಂದೇ.

ವಾಸ್ತವ: ಅಪರಾಧ ಮಾಡಿ ಸಿಕ್ಕಿಬಿದ್ದವರಿದ್ದಾರೆ, ಅವರ ವಿಚಾರಣೆ ನಡೆಯಲಿ. ಉಳಿದವರು ವಿದ್ಯಾರ್ಥಿಗಳು, ತಿರುಪ್ಪೂರಿನ ಬಟ್ಟೆ ಕೊಂಡು ಕಳಿಸುವ ವ್ಯಾಪಾರಿಗಳು, ರೋಗಿಗಳು. 2016ರಲ್ಲಿ ನಮ್ಮ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನವನೊಬ್ಬ ಮಾಡಿದ ಅಪಘಾತಕ್ಕೆ ಗುಂಪು ಹಲ್ಲೆ ಮಾಡಿದ್ದು, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ. 2017ರ ಮಾರ್ಚ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಹುಡುಗನೊಬ್ಬ ಕಾಣೆಯಾದಾಗ ನೆರೆಯ ನೈಜೀರಿಯನ್ನರು ಅವನನ್ನು ತಿಂದರೆಂಬ ವದಂತಿ ಹಬ್ಬಿತು. ಹುಡುಗ ಬದುಕಿಯೇ ಮನೆಗೆ ಬಂದ, ಆಮೇಲೆ ತೀರಿಕೊಂಡ. ವದಂತಿ ಸುಳ್ಳೆಂದು ಕಣ್ಣೆದುರೇ ಕಂಡ ಮೇಲೂ ಆಫ್ರಿಕಾದ ವಿದ್ಯಾರ್ಥಿಗಳನ್ನು ಮಾಲ್ ಒಳಗೆ ನುಗ್ಗಿ ಹೊಡೆದರು. ಅಂಥ ರಾತ್ರಿಯಲ್ಲೂ ಎಷ್ಟೋ ಮಂದಿ ಊರಿಗೆ ಫೋನ್ ಮಾಡಿ ಚೆನ್ನಾಗಿದ್ದೇವೆ ಎಂದೇ ಹೇಳುತ್ತಾರೆ. ಜಮೀನು ಮಾರಿ ಕಳಿಸಿದವರ ಮುಂದೆ ಬರಿಗೈಯಲ್ಲಿ ನಿಲ್ಲುವುದು ಅವರಿಗೆ ಏಟಿಗಿಂತ ಕಷ್ಟ.

ತಪ್ಪು ಕಲ್ಪನೆ: ವಲಸೆ ಹೋದವರಿಗೆ ಇರುವುದು ಎರಡೇ ದಾರಿ. ಕೇಳಿದ್ದನ್ನೆಲ್ಲ ಕೊಡಬೇಕು, ಇಲ್ಲವೇ ನಂಬರ್ ಬದಲಿಸಿ ಸಂಬಂಧ ಕಡಿದುಕೊಳ್ಳಬೇಕು.

ವಾಸ್ತವ: ನಡುವೆ ದಾರಿಗಳಿವೆ, ಜನ ಅವುಗಳಲ್ಲಿ ನಡೆಯುತ್ತಿದ್ದಾರೆ. ಹೊರದೇಶದಲ್ಲಿರುವ ಒಡಹುಟ್ಟಿದವರು ವಾಟ್ಸಾಪ್ ಗುಂಪು ಮಾಡಿಕೊಂಡು ತಿಂಗಳಿಗೆ ಇಂತಿಷ್ಟು ಎಂದು ಹಂಚಿಕೊಳ್ಳುತ್ತಾರೆ. ಶುಲ್ಕವನ್ನು ತಮ್ಮನ ಕೈಗೆ ಕೊಡದೆ ನೇರ ಶಾಲೆಯ ಖಾತೆಗೆ ಕಟ್ಟುತ್ತಾರೆ. ಅಪ್ಪ ಅಮ್ಮನ ಹೆಸರಿನಲ್ಲಿ ನೈಜೀರಿಯಾದ ಖಾಸಗಿ ಆರೋಗ್ಯ ವಿಮೆ ಮಾಡಿಸುತ್ತಾರೆ. ಊರಿನವರ ಸಂಘಗಳು ಸದಸ್ಯರಿಂದ ವಂತಿಗೆ ಕೂಡಿಸಿಟ್ಟು, ಯಾರಾದರೂ ತೀರಿಕೊಂಡರೆ ಶವವನ್ನು ಊರಿಗೆ ಕಳಿಸುವ ಖರ್ಚು ಹೊರುತ್ತವೆ. ಎಲ್ಲಕ್ಕಿಂತ ಕಷ್ಟದ್ದು ತಮ್ಮ ಸಂಬಳ, ಬಾಡಿಗೆ, ಸಾಲಗಳ ಅಂಕಿಗಳನ್ನು ಊರಿನವರ ಮುಂದೆ ಬಿಚ್ಚಿಡುವುದು. ಅದನ್ನು ಮಾಡಿದ ಮನೆಗಳಲ್ಲಿ ಬೇಡಿಕೆ ನಿಲ್ಲುವುದಿಲ್ಲ. ಆದರೆ ಈ ತಿಂಗಳು ಆಗುವುದಿಲ್ಲ ಎಂದಾಗ, ಮುಂದಿನ ತಿಂಗಳು ನೋಡೋಣ ಎಂಬ ಮಾತು ಈಗ ಆ ಕಡೆಯಿಂದ ಬರುತ್ತದೆ.