ಹೋದವರು ಬರೋತನಕ

ಕಳ್ಳಕವಟಗಿಯಲ್ಲಿ ಎರಿ ಹೊಲ ಮುಗಿದು ಮಡ್ಡಿ ನೆಲ ಶುರುವಾಗುವ ಕಡೆ ಒಂದು ಬದು. ಹಿಂಗಾರಿ ಜೋಳ ಕೊಯ್ದಾಗಿದೆ, ಕಣಿಕೆ ಬಣವಿಗೆ ಏರಿದೆ. ಆಚೆ ದ್ರಾಕ್ಷಿ ಪಡ, ಅದರಾಚೆ ಒಣದ್ರಾಕ್ಷಿ ಶೆಡ್ಡು. ಮಾರ್ಚ್ ತಿಂಗಳ ಬೆಳಗು. ಬಿಸಿಲು ಇನ್ನೂ ಚುರುಗುಟ್ಟಿಲ್ಲ. ಬದುವಿನ ಬುಡದಲ್ಲಿ ಬೆರಳು ಹಿಡಿಸುವಷ್ಟು ತೂತು. ಸುತ್ತ ದುಂಡಗೆ ಬಿದ್ದ ಹುಲ್ಲುಬೀಜದ ಹೊಟ್ಟು. ಇಂಥ ಹೊಟ್ಟು ಕಂಡರೆ ಒಳಗೆ ಕಾಳು ಕೂಡಿಡುವ ಇರುವೆ ಇದೆ ಎಂದೇ ಲೆಕ್ಕ. ದಖ್ಖನ್ನಿನ ಇರುವೆಗಳ ಈ ಕಸುಬು ಹಳೆಯದು. ಪುಣೆಯಲ್ಲಿದ್ದ ಕರ್ನಲ್ ಸೈಕ್ಸ್ 1830ರ ಆಸುಪಾಸಿನಲ್ಲೇ, ಮಳೆಯಲ್ಲಿ ನೆನೆದ ಬೀಜವನ್ನು ಇರುವೆಗಳು ಹೊರಗೆ ತಂದು ಬಿಸಿಲಿಗೆ ಹರವಿದ್ದನ್ನು ಕಂಡು ಬರೆದಿಟ್ಟಿದ್ದಾನೆ.

ತಲೆ, ಎದೆ ಕೆಂಗಂದು, ಹೊಟ್ಟೆ ಕಪ್ಪು. ಒಂದೇ ಗೂಡಿನವಾದರೂ ಒಂದು ದೊಡ್ಡದು, ಇನ್ನೊಂದು ಅದರ ಅರ್ಧ. ನನ್ನ ಕಣ್ಣು ನೆಟ್ಟಿದ್ದು ಗೂಡಿನ ಬಾಯಿಯ ಒಳಅಂಚಿನ ಮೇಲೆ. ಅಲ್ಲಿ ನೆರಳಲ್ಲಿ ಕೆಲವು ಸುಮ್ಮನೆ ನಿಂತಿವೆ. ಹೊರಗಿನಿಂದ ಒಂದು ಬಂತು, ದವಡೆಯಲ್ಲಿ ಸಿಪ್ಪೆ ಸಮೇತ ಹುಲ್ಲುಬೀಜ, ತನ್ನ ಮೈಗಿಂತ ಉದ್ದ. ಬೀಜ ಅಂಚಿಗೆ ತಾಗಿ ಅಡ್ಡ ಬಿತ್ತು. ಹಿಂದೆ ಸರಿದು, ಬೀಜವನ್ನು ನೆಟ್ಟಗೆ ಮಾಡಿಕೊಂಡು, ತಲೆ ತಗ್ಗಿಸಿ ಒಳಗೆ ನುಗ್ಗಿತು. ನಿಂತವುಗಳ ಮೀಸೆ ಅದರ ಮೈಯನ್ನೊಮ್ಮೆ ಬೀಜವನ್ನೊಮ್ಮೆ ಸವರಿದವು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೆ.

ಈ ಸವರುವಿಕೆಯ ಅರ್ಥವನ್ನು ಅಮೆರಿಕದ ಮರುಭೂಮಿಯ ಕೊಯ್ಲು ಇರುವೆಗಳಲ್ಲಿ ವರ್ಷಗಟ್ಟಲೆ ಕುಳಿತು ಬಿಡಿಸಿದವರು ಡೆಬೊರಾ ಗಾರ್ಡನ್. ಅಲ್ಲಿ ಆಹಾರಕ್ಕೆ ಹೋದ ಇರುವೆ ಸಾಮಾನ್ಯವಾಗಿ ಬೀಜ ಸಿಗದೆ ಮರಳುವುದಿಲ್ಲ. ಹಾಗಾಗಿ ಬೀಜ ಹೇರಳವಾಗಿದ್ದರೆ ಬೇಗ ಬೇಗ ಬರುತ್ತವೆ, ಕಡಿಮೆಯಿದ್ದರೆ ತಡವಾಗಿ. ಒಳಗೆ ನಿಂತವು ಎಷ್ಟು ಬೇಗ ಬೇಗ ಸವರಿಸಿಕೊಂಡವೋ ಅಷ್ಟು ಬೇಗ ಹೊರಡುತ್ತವೆ. ಹೊರಗೆ ಎಷ್ಟು ಬೀಜವಿದೆ, ಎಷ್ಟು ಮಂದಿ ಹೋಗಿದ್ದಾರೆ ಎಂಬುದನ್ನು ಯಾವ ಇರುವೆಯೂ ನೆನಪಿಡಬೇಕಾಗಿಲ್ಲ. ಗಾರ್ಡನ್ ಬೀಜ ಹೊತ್ತು ಬರುವವನ್ನು ದಾರಿಯಲ್ಲೇ ಹಿಡಿದಿಟ್ಟಾಗ, ಹೊರಡುವವೂ ಕೆಲವೇ ನಿಮಿಷಗಳಲ್ಲಿ ಕಡಿಮೆಯಾದವು.

"ಏನ್ ಕಳಕೊಂಡಿಯೋ ತಮ್ಮಾ, ಆವಾಗಿಂದ ನೆಲಾ ನೋಡಾಕತ್ತಿ?" ಬಣವಿ ಕಡೆಯಿಂದ ಬಂದ ಅಜ್ಜ ಕೇಳಿದರು.

"ಇರಬಿ ನೋಡಾಕತ್ತೀನ್ರಿ ಅಜ್ಜಾರ."

"ಬಿಸಲ ಏರಲಿ, ಒಂದೂ ಹೊರಗ ಇರೂದಿಲ್ಲ ನೋಡ."

ಅಜ್ಜನ ಮಾತಿಗೆ 2013ರಲ್ಲಿ ಗಾರ್ಡನ್ ಪ್ರಕಟಿಸಿದ ಫಲಿತಾಂಶ ಹತ್ತಿರದ್ದು. ಬೀಜ ಹುಡುಕಿ ಬಿಸಿಲಲ್ಲಿ ಅಲೆದಷ್ಟೂ ಇರುವೆಯ ಮೈಯ ನೀರು ಆರುತ್ತದೆ. ಒಣ ಹವೆಯ ದಿನ ಹೊರಗೆ ಹೋಗುವುದನ್ನು ಹಿಡಿತದಲ್ಲಿಟ್ಟ ಗೂಡುಗಳಿಂದಲೇ ಹೆಚ್ಚು ಮರಿಗೂಡುಗಳು ಹುಟ್ಟಿದ್ದವು.

ಮರಳಿ ಬರುವವರ ವೇಗ ನೋಡಿ ಹೊರಡುವ ಇದೇ ಪಾಠವನ್ನು ಅಂತರ್ಜಾಲ ಪೆಟ್ಟು ತಿಂದು ಕಲಿಯಿತು. 1986ರ ಅಕ್ಟೋಬರಿನಲ್ಲಿ ಬರ್ಕ್ಲಿಯ ಎರಡು ಸಂಸ್ಥೆಗಳ ನಡುವೆ, ಕೂಗಳತೆಯ ದೂರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್‌ ಸಾಗುತ್ತಿದ್ದ ದಾರಿ 40 ಬಿಟ್‌ಗೆ ಇಳಿಯಿತು. ಎಲ್ಲರೂ ಒಟ್ಟಿಗೆ ಕಳಿಸುತ್ತಿದ್ದರು. ತಲುಪದ್ದನ್ನು ಮತ್ತೆ ಮತ್ತೆ ತುರುಕುತ್ತಿದ್ದರು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಮಂಡಿಸಿದ ಪರಿಹಾರದ ತಿರುಳು: ಕಳಿಸಿದ್ದಕ್ಕೆ ಸ್ವೀಕೃತಿ ಬರುವ ವೇಗ ನೋಡಿ ಮುಂದಿನದನ್ನು ಕಳಿಸು. ಗಾರ್ಡನ್ ಜೊತೆ ಕೆಲಸ ಮಾಡಿದ ಸ್ಟ್ಯಾನ್‌ಫರ್ಡ್‌ನ ಬಾಲಾಜಿ ಪ್ರಭಾಕರ್ 2012ರಲ್ಲಿ ಇರುವೆ ಗೂಡಿನ ಲೆಕ್ಕ ಬರೆದಾಗ, ಅದು ಈ ವಿಧಾನವನ್ನೇ ಹೋಲುತ್ತಿತ್ತು.

ನನ್ನ ಹೊಟ್ಟೆಪಾಡಿನ ಕೆಲಸ ಸಂದೇಶ ಸಾಗಿಸುವ ತಂತ್ರಾಂಶದ್ದು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಜೀರೋಎಂಕ್ಯೂ ಎಂಬ ಓಪನ್ ಸೋರ್ಸ್ ಲೈಬ್ರರಿ. ಮೆಮೊರಿಯ ಜಿಪುಣತನ ಅದರಲ್ಲಿ ಕಣ್ಣಿಗೆ ಹಿತವಾಗುವಂತಿದೆ. ಸಂದೇಶವೊಂದರ ಚೌಕಟ್ಟು 64 ಬೈಟ್. ಈಗಿನ ಆವೃತ್ತಿಗಳಲ್ಲಿ 33 ಬೈಟ್‌ವರೆಗಿನ ಮಾತು ಆ ಚೌಕಟ್ಟಿನೊಳಗೇ ಕೂರುತ್ತದೆ. ಬೇರೆ ಜಾಗ ಕೇಳಿ ಪಡೆಯುವ, ಕೆಲಸ ಮುಗಿದ ಮೇಲೆ ಮರಳಿಸುವ ಖರ್ಚೇ ಇಲ್ಲ. ಅದಕ್ಕಿಂತ ದೊಡ್ಡದನ್ನು ಹತ್ತು ಕಡೆ ಕಳಿಸುವಾಗ ಹತ್ತು ನಕಲು ಮಾಡುವುದಿಲ್ಲ. ಒಂದೇ ಕಡೆ ಇಟ್ಟು ಎಷ್ಟು ಕೈ ಹಿಡಿದಿವೆ ಎಂದು ಎಣಿಸುತ್ತದೆ. ಕೊನೆಯ ಕೈ ಬಿಟ್ಟಾಗ ಜಾಗ ಖಾಲಿ.

ಆದರೂ ಮೆಮೊರಿ ತುಂಬುವುದು ಹೆಚ್ಚಾಗಿ ಸಂದೇಶದ ಗಾತ್ರದಿಂದಲ್ಲ, ಪಡೆಯುವವನ ನಿಧಾನದಿಂದ. ಅವನು ತಡ ಮಾಡಿದಷ್ಟೂ ಕಳಿಸುವವನ ಬಳಿ ಸಾಲು ಬೆಳೆಯುತ್ತದೆ. ಹಳೆಯ ಎರಡನೇ ಆವೃತ್ತಿಯಲ್ಲಿ ಈ ಸಾಲಿಗೆ, ನಾವಾಗಿ ಹೇಳದಿದ್ದರೆ, ಮಿತಿಯೇ ಇರಲಿಲ್ಲ. ಮೂರನೆಯದರಿಂದ ಒಂದೊಂದು ಸಂಪರ್ಕಕ್ಕೆ 1000 ಸಂದೇಶದ ಮಿತಿ ಬಂತು. ಮಿತಿ ಮುಟ್ಟಿದಾಗ, ಕೆಲಸ ಹಂಚುವ ಬಗೆಯ ಸಾಕೆಟ್, ಅಂದರೆ ಸಂದೇಶ ಕಳಿಸುವ ಬಾಯಿ, ಕಾಯುತ್ತದೆ. ಸುದ್ದಿ ಸಾರುವ ಬಗೆಯದು ಹೊಸದನ್ನು ಕೈಬಿಡುತ್ತದೆ. ದ್ರಾಕ್ಷಿ ಪಡದಲ್ಲಿ ಬೂದಿ ರೋಗದ ಮುನ್ಸೂಚನೆಗೆಂದು ತೇವಾಂಶ ಅಳೆಯುವ ಯಂತ್ರ ನಿಲ್ಲಿಸಿದರೆ, ಅದರ ಒಂದೆರಡು ಅಳತೆ ಹೋದರೂ ನಡೆದೀತು. ಒಣದ್ರಾಕ್ಷಿ ಮಾರಿದ ಹಣದ ಲೆಕ್ಕಕ್ಕೆ ಆ ಸಲಿಗೆ ಇಲ್ಲ, ಅಲ್ಲಿ ಕಾಯಲೇಬೇಕು.

ಈ ಇರುವೆ ಗೂಡಿನ ಬಾಯಿಯ ಮುಂದೆ ಕೂತಾಗ ನನ್ನನ್ನು ಕಾಡುವುದು ಆ 1000. ಅದು ಸಂದೇಶಗಳ ಎಣಿಕೆ, ಬೈಟ್‌ಗಳದ್ದಲ್ಲ. ಸಾವಿರ ಪುಟ್ಟ ಸಂದೇಶಗಳ ಚೌಕಟ್ಟಿಗೆ 64 ಸಾವಿರ ಬೈಟ್ ಸಾಕು. ಒಂದೊಂದು ಎಂಬಿಯ ಸಾವಿರ ಚಿತ್ರಗಳಾದರೆ ಒಂದು ಜಿಬಿ. ಎರಡಕ್ಕೂ ಮಿತಿ ಅದೇ. ಇರುವೆಗಳ ಮಿತಿ ದಿನದ ಬಿಸಿಲಿಗೂ ಬೀಜಕ್ಕೂ ತಕ್ಕಂತೆ ತಾನೇ ಬದಲಾಗುತ್ತದೆ. ಲೈಬ್ರರಿಯಲ್ಲಿ ಆ ಸಂಖ್ಯೆಯನ್ನು, ತನ್ನ ಸಂದೇಶದ ತೂಕವನ್ನೂ ಪಡೆಯುವವನ ವೇಗವನ್ನೂ ಅಳೆದು, ತಂತ್ರಾಂಶ ಬರೆಯುವವನೇ ಇಡಬೇಕು.